ತೂಕ ಬರೆದುಕೊಳ್ಳುತ್ತಾರೆ, ತಟ್ಟೆ ವಿಚಾರಿಸುವವರಿಲ್ಲ

ಮಾನ್ಯರೇ,

ಮನೆಯ ಹಿರಿಯರಿಗೆ ಕ್ಯಾನ್ಸರ್ ನಾಲ್ಕನೇ ಹಂತಕ್ಕೆ ಬಂದಿದೆ ಎಂದು ಗೊತ್ತಾದ ಮೇಲೆ ನಮ್ಮಂಥವರಿಗೆ ಆಸ್ಪತ್ರೆಯಲ್ಲಿ ಸಿಗುವ ಸಲಹೆ ಬಹುತೇಕ ಎರಡೇ ಮಾತು: ‘ಏನು ಇಷ್ಟಪಡ್ತಾರೋ ತಿನ್ನಿಸಿ. ರೆಸ್ಟ್ ಮಾಡಿಸಿ.’ ಚೀಟಿಯ ತುಂಬ ಮಾತ್ರೆಗಳ ಹೆಸರಿರುತ್ತದೆ. ಊಟದ ಬಗ್ಗೆ, ಓಡಾಟದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದೇಕಿಲ್ಲ ಎಂದು ಕೇಳುವುದಕ್ಕೇ ಈ ಪತ್ರ.

ಇಷ್ಟಪಟ್ಟದ್ದು ಅಂದರೆ ಏನು ತಿನ್ನಿಸೋಣ? ಕೀಮೋ ಆದವರ ಬಾಯಿಗೆ ಅನ್ನವೂ ಕಹಿ, ನೀರೂ ಕಹಿ. ಗಂಟಲಿಗೆ ಕರೆಂಟು (ರೇಡಿಯೇಷನ್) ಕೊಡಿಸಿಕೊಂಡವರಿಗೆ ಹುಣ್ಣಾಗಿ ತಿಳಿಸಾರು ಇಳಿಯುವುದೂ ಕಷ್ಟ. ಎಲೆಅಡಿಕೆ, ಹೊಗೆಸೊಪ್ಪು ಹಾಕಿಕೊಂಡೇ ದುಡಿದ ತಲೆಮಾರು ನಮ್ಮ ಹಿರಿಯರದು. ಬಾಯಿ ಕ್ಯಾನ್ಸರ್ ಅವರಲ್ಲಿ ಅಪರೂಪವಲ್ಲ. ಅಂಥವರಿಗೆ ಮೂಗಿನಲ್ಲಿ ನಳಿಕೆ ಇಟ್ಟು ಮನೆಗೆ ಕಳಿಸುತ್ತಾರೆ. ಅದರಲ್ಲಿ ಏನನ್ನು, ಎಷ್ಟು ತೆಳುವಾಗಿ, ಎಷ್ಟು ಹೊತ್ತಿಗೊಮ್ಮೆ ಬಿಡಬೇಕು ಎಂದು ಪಕ್ಕದಲ್ಲಿ ನಿಂತು ತೋರಿಸಿಕೊಡುವವರು ಸಿಕ್ಕರೆ ಪುಣ್ಯ.

ತಿಳಿದವರು ಹೇಳದಿದ್ದಾಗ ಅಕ್ಕಪಕ್ಕದವರು ಹೇಳುತ್ತಾರೆ. ಮೊಟ್ಟೆ ನಂಜು. ಬದನೆಕಾಯಿ ನಂಜು. ಮೊಸರು ಶೀತ. ಬೆಲ್ಲ ತಿಂದರೆ ಗಡ್ಡೆ ಬೆಳೆಯುತ್ತದೆ. ಒಂದೊಂದಾಗಿ ಎಲ್ಲವೂ ತಟ್ಟೆಯಿಂದ ಹೋಗಿ ಕೊನೆಗೆ ಉಳಿಯುವುದು ಗಂಜಿ, ಬ್ರೆಡ್ಡು. ಹೇಳಿದವರನ್ನು ದೂರುತ್ತಿಲ್ಲ, ಅವರಿಗಿದ್ದದ್ದು ಕಾಳಜಿಯೇ. ದೂರು ಇರುವುದು ಗೊತ್ತಿದ್ದೂ ಬಾಯಿ ಬಿಡದ ವ್ಯವಸ್ಥೆಯ ಮೇಲೆ.

ಗೊತ್ತಿಲ್ಲದ ವಿಷಯವೂ ಅಲ್ಲ ಇದು. ಕ್ಯಾನ್ಸರ್ ರೋಗಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೊಟೀನ್ ಬೇಕು ಎಂದು ಯುರೋಪಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ. 50 ಕಿಲೋ ತೂಗುವ ಅಜ್ಜಿಗೆ 50ರಿಂದ 75 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ತೆಳು ಗಂಜಿಯ ಲೋಟದಲ್ಲಿ ಒಂದೆರಡು ಗ್ರಾಂ ಇದ್ದರೆ ಹೆಚ್ಚು. ಆ ಗಂಜಿಗೇ ಹೆಸರುಬೇಳೆ ಬೇಯಿಸಿ ಹಾಕಿ, ನುಣ್ಣಗೆ ಶೇಂಗಾ ಪುಡಿ ಕಲಸಿ, ರಾಗಿ ಅಂಬಲಿಗೆ ನೀರುಮಜ್ಜಿಗೆಯ ಬದಲು ಗಟ್ಟಿ ಮೊಸರು ಬೆರೆಸಿ, ಒಂದು ಚಮಚ ತುಪ್ಪ ಬಿಡಿ, ಒಂದೇ ಸಲ ಬೇಡ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ ಎಂದು ಹೇಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷಕ್ಕೆ ಜನವಿಲ್ಲ. ಮನೆಯವರು ಕೂಲಿಯ ದುಡ್ಡು ಒಟ್ಟುಮಾಡಿ ಔಷಧ ಅಂಗಡಿಯಿಂದ ಡಬ್ಬದ ಪುಡಿ ತರುತ್ತಾರೆ. ಅಂಥ ಕೆಲವು ಡಬ್ಬಗಳಲ್ಲಿ ಪ್ರೊಟೀನಿಗಿಂತ ಸಕ್ಕರೆಯೇ ಜಾಸ್ತಿ.

ಇಷ್ಟರ ಮಧ್ಯೆ ಹೋದಾಗಲೆಲ್ಲ ತೂಕವನ್ನಂತೂ ನೋಡುತ್ತಾರೆ. ಕೀಮೋ ಪ್ರಮಾಣ ಲೆಕ್ಕ ಹಾಕಲು ಅದು ಬೇಕು. ತೂಕ ಇಳಿದರೆ ಔಷಧ ಇಳಿಸುತ್ತಾರೆ, ತೀರ ಇಳಿದರೆ ‘ಬಾಡಿ ತಡೆಯಲ್ಲ’ ಎಂದು ನಿಲ್ಲಿಸುತ್ತಾರೆ. ಇಳಿದದ್ದೇಕೆ ಎಂದು ಕೇಳುವ ಹೊಣೆ ಯಾರದೂ ಅಲ್ಲ. ಆರು ತಿಂಗಳಲ್ಲಿ ತೂಕ ಶೇ 5ಕ್ಕಿಂತ ಹೆಚ್ಚು ಕರಗಿದರೆ ಅದು ಕ್ಯಾನ್ಸರಿನಿಂದ ಸ್ನಾಯು ಸವೆಯುತ್ತಿರುವುದರ ಗುರುತು ಎಂದು ತಜ್ಞರು 2011ರಲ್ಲೇ ಒಮ್ಮತಕ್ಕೆ ಬಂದಿದ್ದಾರೆ. 50 ಕಿಲೋ ಇದ್ದವರು 47ಕ್ಕೆ ಬಂದರೆ ಆ ಗೆರೆ ದಾಟಿದಂತೆ. ಎರಡೂ ಅಂಕಿ ಒಂದೇ ಫೈಲಿನಲ್ಲಿರುತ್ತವೆ.

ಈ ಸವೆತ ಬಲಿತ ಮೇಲೆ ಊಟವೊಂದರಿಂದ ಅದನ್ನು ಪೂರ್ತಿ ಹಿಂದಕ್ಕೆ ತರಲಾಗದು. ಅದಕ್ಕೇ ಶುರುವಿನಲ್ಲೇ ಸಲಹೆ ಬೇಕು ಎನ್ನುವುದು. ಕೊನೆಯ ದಿನಗಳಲ್ಲಿ ಬಾಯಿಗೆ ತುರುಕುವುದು ಹಿಂಸೆ. ಆಗ ಹಸಿವಾಗದಿರುವುದು ರೋಗದ ಗುಣ. ಇದನ್ನೂ ಯಾರೂ ಹೇಳುವುದಿಲ್ಲ. ‘ನಾನು ಸರಿಯಾಗಿ ತಿನ್ನಿಸಲಿಲ್ಲವೇನೋ’ ಎಂಬ ಕೊರಗನ್ನು ಹೆಂಡತಿ, ಮಗಳು, ಸೊಸೆ ವರ್ಷಗಟ್ಟಲೆ ಹೊತ್ತುಕೊಂಡಿರುತ್ತಾರೆ. ನಿಮ್ಮ ಮನೆಯಲ್ಲೂ ಒಬ್ಬರು ಹೊತ್ತಿರಬಹುದು.

ಇನ್ನು ರೆಸ್ಟು. ಆರೋಗ್ಯವಾಗಿದ್ದ ವಯಸ್ಸಾದವರನ್ನೇ ಹತ್ತು ದಿನ ಹಾಸಿಗೆಯಲ್ಲಿಟ್ಟು ನೋಡಿದ ಅಧ್ಯಯನವೊಂದರಲ್ಲಿ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು. ಕಾಯಿಲೆಯವರನ್ನು ತಿಂಗಳುಗಟ್ಟಲೆ ಮಲಗಿಸಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕೆ? ಕುರ್ಚಿಯಿಂದ ಎದ್ದು ಕೂರುವುದು, ಜಗಲಿಯವರೆಗೆ ನಡೆದು ಬರುವುದು, ಕೂತಲ್ಲೇ ಕಾಲು ಎತ್ತಿಳಿಸುವುದು ಇಷ್ಟೇ ಸಾಕಾಗುವವರು ಬಹಳ ಜನ. ಆದರೆ ಮೂಳೆಗೆ ಹರಡಿದ್ದರೆ ತಪ್ಪು ಹೆಜ್ಜೆಯಿಂದ ಮೂಳೆ ಮುರಿದೀತು. ಯಾರಿಗೆ ಎಷ್ಟು ಎಂದು ನೋಡಿ ಹೇಳಲು ಫಿಸಿಯೋಥೆರಪಿಯವರು ಬೇಕು. ಪಾರ್ಶ್ವವಾಯು ಆದವರನ್ನು, ಕಾಲು ಮುರಿದವರನ್ನು ಅವರ ಬಳಿಗೆ ಕಳಿಸುತ್ತಾರೆ. ಕ್ಯಾನ್ಸರ್ ಆದ ಮುದುಕರನ್ನು ಕಳಿಸಬೇಕು ಎಂದು ಹೊಳೆಯುವುದೇ ಇಲ್ಲ. ನಮ್ಮ ಹಿರಿಯರು ಬೇಡುತ್ತಿರುವುದಾದರೂ ಏನು? ಇನ್ನೊಬ್ಬರ ಕೈಹಿಡಿಯದೆ ಬಚ್ಚಲಿಗೆ ಹೋಗಿ ಬರುವಷ್ಟು ಶಕ್ತಿ. ಮಾನದಿಂದ ಬದುಕಿದವರಿಗೆ ಅದು ಸಣ್ಣ ವಿಷಯವಲ್ಲ.

ಇಂಥ ಸಲಹೆಯಿಂದ ಉಪಯೋಗವೇನು ಎಂದು ಕೇಳುವವರಿಗೆ ಉತ್ತರವಿದೆ. ಗುಣವಾಗದ ಕ್ಯಾನ್ಸರ್ ಇದ್ದ, 70 ದಾಟಿದ 718 ಜನರ ಮೇಲೆ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವಿದು. ಊಟ, ನಡಿಗೆ, ನೆನಪು, ಮನೆಯ ಆಸರೆ ಎಲ್ಲವನ್ನೂ ಪರೀಕ್ಷಿಸಿ ವೈದ್ಯರ ಕೈಗೆ ಸಲಹೆ ಕೊಟ್ಟ ಗುಂಪಿನಲ್ಲಿ ಚಿಕಿತ್ಸೆಯ ತೀವ್ರ ಅಡ್ಡಪರಿಣಾಮ ಕಂಡವರು ಶೇ 51. ವೈದ್ಯರಿಗೆ ಆ ಸಲಹೆ ಕೊಡದ ಗುಂಪಿನಲ್ಲಿ ಶೇ 71.

ದುಡ್ಡಿಲ್ಲ ಎನ್ನುತ್ತೀರಾ? ಟಿಬಿ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರಲ್ಲಿ ಅದು 1,000 ಆಯಿತು. ಒಳ್ಳೆಯ ಕೆಲಸ, ಮನಸಾರೆ ಒಪ್ಪುತ್ತೇವೆ. ಔಷಧಿ ಕೆಲಸ ಮಾಡಬೇಕಾದರೆ ಹೊಟ್ಟೆ ತುಂಬಿರಬೇಕು ಎಂಬ ತಿಳಿವಳಿಕೆ ಟಿಬಿಗೆ ಇದೆ, ಕ್ಯಾನ್ಸರಿಗೆ ಏಕಿಲ್ಲ? ಆರೋಗ್ಯ ಕಾರ್ಡಿನಲ್ಲಿ ಆಪರೇಷನ್ನಿಗೆ, ಕೀಮೋಗೆ, ರೇಡಿಯೇಷನ್ನಿಗೆ ಹಣವಿದೆ. ಅದನ್ನೆಲ್ಲ ತಡೆದುಕೊಳ್ಳಬೇಕಾದ ದೇಹಕ್ಕೆ?

ಈ ಮಾತು ಹೊಸದಲ್ಲ. ಅರ್ಜಿಗಳು ಮೇಲಕ್ಕೆ ಹೋಗುತ್ತವೆ, ಸ್ವೀಕೃತಿ ಮುದ್ರೆ ಬೀಳುತ್ತದೆ, ಆಮೇಲೆ ಸದ್ದಿಲ್ಲ. ಉಳಿದ ಕುಂದುಕೊರತೆಗಳಲ್ಲಿ ಅರ್ಜಿದಾರರು ವರ್ಷವಿಡೀ ಕಾಯಬಲ್ಲರು. ಇಲ್ಲಿ ಕಾಯುತ್ತಿರುವಾಗಲೇ ಅರ್ಜಿದಾರರು ತೀರಿಕೊಳ್ಳುತ್ತಾರೆ, ಅರ್ಜಿಯನ್ನು ಮುಂದುವರಿಸಲು ಮನೆಯವರಿಗೆ ಮನಸ್ಸಿರುವುದಿಲ್ಲ. ಮೇಲಿನವರಿಗೆ ಅದು ದೂರು ಇಲ್ಲದಂತೆ ಕಾಣುತ್ತದೆ. ‘ಹೇಗೂ ವಯಸ್ಸಾಗಿದೆ’ ಎಂಬ ಮಾತು ಯಾವ ಆದೇಶದಲ್ಲೂ ಬರೆದಿಲ್ಲ, ಆದರೆ ಆ ಮೌನದಲ್ಲಿ ನಮಗೆ ಕೇಳಿಸುವುದು ಅದೇ.

ಕೀಮೋ ಕೊಡುವ ಪ್ರತಿ ಸರ್ಕಾರಿ ಘಟಕದಲ್ಲೂ ಒಬ್ಬ ಆಹಾರ ತಜ್ಞರು, ಒಬ್ಬ ಫಿಸಿಯೋಥೆರಪಿಸ್ಟ್ ಇರಲಿ. ಮೊದಲ ಭೇಟಿಯಲ್ಲೇ ರೋಗಿ ಅವರನ್ನು ಕಾಣುವಂತಾಗಲಿ. ಕನ್ನಡದಲ್ಲಿ, ರಾಗಿ ಜೋಳ ಬೇಳೆಗಳ ಲೆಕ್ಕದಲ್ಲಿ ಒಂದು ಹಾಳೆ ಬರೆದು ಮನೆಯವರ ಕೈಗೆ ಕೊಡಿ. ಓಡಾಡಲಾಗದವರ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸಿ, ಆ ಕೆಲಸಕ್ಕೆ ಸಂಭಾವನೆಯನ್ನೂ ಕೊಡಿ. ಟಿಬಿಯವರಿಗೆ ಕೊಡುವಂತೆ ಊಟದ ಹಣವನ್ನು ಕ್ಯಾನ್ಸರ್ ರೋಗಿಗಳ ಖಾತೆಗೂ ಹಾಕಿ.

ಇದರಲ್ಲಿ ಯಾವುದು ಆಗುತ್ತದೆ, ಎಂದಿನಿಂದ ಎಂದು ಲಿಖಿತವಾಗಿ ತಿಳಿಸಿ. ಆಗುವುದಿಲ್ಲ ಎಂದಾದರೆ ಅದನ್ನೂ ಬರೆದು, ಕಾರಣ ನಮೂದಿಸಿ, ಕೆಳಗೆ ಸಹಿ ಹಾಕಿ ಕಳಿಸಿ.

ಇಂತಿ,
ಕ್ಯಾನ್ಸರ್ ರೋಗಿಗಳ ಮನೆಯವರ ಪರವಾಗಿ ಒಬ್ಬರು