ಕಲಿಯೋಕೆ ಸರಿ, ದುಡಿಯೋಕೆ?

ಕಳೆದ ರಜೆಯಲ್ಲಿ ನಮ್ಮಲ್ಲೊಬ್ಬ ತನ್ನೂರು ಯಸಳೂರಿಗೆ ಹೋಗಿದ್ದ. ಸಕಲೇಶಪುರ ತಾಲ್ಲೂಕಿನ ಕಾಫಿ ಸೀಮೆ. ಪಕ್ಕದ ತೋಟದವರು, “ಇಂಜಿನಿಯರಿಂಗ್ ಓದ್ತಿದ್ದೀಯಲ್ಲ ಮಗಾ, ನಮ್ಮ ಪಲ್ಪರ್ ಶೆಡ್ಡಿಗೊಂದು ಪ್ಲಾನ್ ಹಾಕ್ಕೊಡು, ಖರ್ಚಿಗೆ ಏನಾದ್ರೂ ಕೊಡ್ತೀನಿ” ಅಂದರು. ಲ್ಯಾಪ್‌ಟಾಪ್‌ನಲ್ಲಿ ಆಟೋಕ್ಯಾಡ್ ಇತ್ತು, ಹಾಕೋದೂ ಗೊತ್ತಿತ್ತು. ಆದರೆ ಇದ್ದದ್ದು ವಿದ್ಯಾರ್ಥಿ ಲೈಸೆನ್ಸ್.

ಆ ಲೈಸೆನ್ಸ್ ಓದದೆ ‘ಐ ಅಗ್ರೀ’ ಒತ್ತಿದವರೇ ನಾವೆಲ್ಲ. ಅದರ ಪ್ರಕಾರ ಸಾಫ್ಟ್‌ವೇರ್ ಕಲಿಕೆಗೆ ಮಾತ್ರ. ಸಂಪಾದನೆಯ ಕೆಲಸಕ್ಕೆ ಬಳಸುವಂತಿಲ್ಲ. ದುಡ್ಡು ತಗೊಳ್ಳದೆ ಹಾಕಿಕೊಟ್ಟರೆ? ಆಗಲೂ ಆ ಶೆಡ್ಡು ತೋಟದ ವ್ಯವಹಾರಕ್ಕೆ ಸೇರಿದ್ದು, ನಮ್ಮ ಸಿಲಬಸ್ಸಿಗಲ್ಲ. ಆಟೋಕ್ಯಾಡ್‌ನ ಹಳೆಯ ಶೈಕ್ಷಣಿಕ ಆವೃತ್ತಿಗಳಲ್ಲಿ ಪ್ರಿಂಟ್ ತೆಗೆದರೆ ಹಾಳೆಯ ಅಂಚಿನಲ್ಲೇ ‘ಶೈಕ್ಷಣಿಕ’ ಎಂಬ ಮುದ್ರೆ ಬರುತ್ತಿತ್ತು. ಈಗ ಮುದ್ರೆ ಹೋಗಿದೆ, ನಿಯಮ ಹಾಗೇ ಇದೆ.

ಇದರಲ್ಲಿ ಕಂಪನಿಯ ತಪ್ಪೇನೂ ನಮಗೆ ಕಾಣೋದಿಲ್ಲ. ಪುಕ್ಕಟೆ ಕೊಟ್ಟವರು ಷರತ್ತು ಹಾಕೋದು ಸಹಜ. ‘ಕ್ರ್ಯಾಕ್ ಹಾಕ್ಕೊಂಡ್ರಾಯ್ತು’ ಅನ್ನೋ ಹಾಸ್ಟೆಲ್ ಪರಿಹಾರವನ್ನೂ ನಾವು ಒಪ್ಪೋದಿಲ್ಲ. ನಮ್ಮ ತಕರಾರು ಕಾಲೇಜಿನ ಲ್ಯಾಬಿನ ಬಗ್ಗೆ. ನಾಲ್ಕು ವರ್ಷ ಒಂದೇ ಸಾಧನದ ಮೇಲೆ ಕೈ ಕೂರಿಸಿ, ಪದವಿಯ ದಿನ ಅದನ್ನು ಕಸಿದುಕೊಂಡರೆ ಹೇಗೆ? ದೊಡ್ಡ ಕಂಪನಿ ಸೇರಿದವರಿಗೆ ಅಲ್ಲೇ ಲೈಸೆನ್ಸ್ ಸಿಗುತ್ತದೆ. ಊರಿಗೆ ಮರಳಿ ಸಣ್ಣದೊಂದು ಆಫೀಸು ತೆರೆಯುವವರು ವರ್ಷ ವರ್ಷ ಅಷ್ಟು ದುಡ್ಡು ಎಲ್ಲಿಂದ ತರಬೇಕು?

ದಾರಿ ಇದೆ. ಲಿಬ್ರೆಕ್ಯಾಡ್, ಫ್ರೀಕ್ಯಾಡ್, ಮ್ಯಾಟ್‌ಲ್ಯಾಬ್‌ಗೆ ಹತ್ತಿರದ ಆಕ್ಟೇವ್: ಇವು ಜಿಪಿಎಲ್, ಎಲ್‌ಜಿಪಿಎಲ್‌ನಂಥ ಮುಕ್ತ ಲೈಸೆನ್ಸ್‌ನಲ್ಲಿವೆ. ಇವುಗಳಿಂದ ದುಡಿದು ಸಂಪಾದಿಸಲು ಅಡ್ಡಿಯಿಲ್ಲ. ಫ್ರೀಕ್ಯಾಡ್ 2024ರಲ್ಲಿ 1.0 ಆವೃತ್ತಿಗೆ ಬಂದಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಪಾಠಗಳು ಕನ್ನಡದಲ್ಲೂ ಇವೆ.

ಇಂಟರ್‌ವ್ಯೂನಲ್ಲಿ ಕೇಳೋದು ಆಟೋಕ್ಯಾಡ್ ತಾನೇ ಅನ್ನಬಹುದು. ನಿಜ, ಅದನ್ನೂ ಕಲಿಯೋಣ. ನಾವು ಕೇಳೋದು ಇಷ್ಟೇ: ಪ್ರತಿ ಲ್ಯಾಬಿನಲ್ಲೂ ಒಂದೆರಡು ಪ್ರಯೋಗ ಮುಕ್ತ ಸಾಧನದಲ್ಲಿ ಆಗಲಿ. ಹಾಗೆಯೇ ನಮ್ಮ ಫೈನಲ್ ಇಯರ್ ಪ್ರಾಜೆಕ್ಟುಗಳಿಗೆ ‘ವಾಣಿಜ್ಯ ಬಳಕೆ ನಿಷಿದ್ಧ’ ಅಂತ ಅಂಟಿಸುವ ಮುನ್ನ ಯೋಚಿಸೋಣ. ಮೆಣಸಿನ ಬಳ್ಳಿಯ ರೋಗ ಗುರುತಿಸುವ ಆ್ಯಪ್ ಮಾಡಿ, ಸಸಿ ಮಾರಿ ಬದುಕುವ ನರ್ಸರಿಯವರೇ ಅದನ್ನು ಬಳಸುವಂತಿಲ್ಲ ಅಂದರೆ ಏನು ಬಂತು?

ಯಸಳೂರಿನ ಗೆಳೆಯ ಆ ರಜೆಯಲ್ಲಿ ಲಿಬ್ರೆಕ್ಯಾಡ್ ಇಳಿಸಿಕೊಂಡ. ಕೈ ಹೊಂದಲು ನಾಲ್ಕು ದಿನ ಹಿಡಿಯಿತು. ಪ್ಲಾನ್ ಹಾಕಿಕೊಟ್ಟ, ಕೊಟ್ಟ ದುಡ್ಡನ್ನು ಅಳುಕಿಲ್ಲದೆ ಜೇಬಿಗಿಳಿಸಿದ.