ಬಣ್ಣ ಫ್ಯಾನಿನ ಚೌಕಟ್ಟಿಗಿರಲಿ, ರೆಕ್ಕೆಗೆ ಬೇಡ

ಕಂಪ್ಯೂಟರ್ ಕ್ಯಾಬಿನೆಟ್ಟಿನ ಒಂದು ಮಗ್ಗುಲಿಗೆ ತಗಡಿನ ಬದಲು ಗಾಜು ಬಂದ ಮೇಲೆ ಅದರ ಹೊಟ್ಟೆಯೊಳಗಿನ ಸಾಮಾನೂ ಚಂದ ಕಾಣಬೇಕಾಯಿತು. ಪ್ರೊಸೆಸರ್ ಮೇಲೆ ಕೂರುವ ಅಲ್ಯೂಮಿನಿಯಮ್ ಹೀಟ್‌ಸಿಂಕ್, ಅದಕ್ಕೆ ಗಾಳಿ ಊದುವ ಫ್ಯಾನ್, ನೀರು ಹರಿಸುವ ಕೊಳವೆ, ಇವೆಲ್ಲ ಯಾರ ಕಣ್ಣಿಗೂ ಬೀಳದಿದ್ದ ಕಾಲದಲ್ಲಿ ಯಾವ ಬಣ್ಣದಲ್ಲಿದ್ದರೂ ನಡೆಯುತ್ತಿತ್ತು. ಈಗ ಹಾಗಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಕೊಂಡು ತಾವೇ ಕಂಪ್ಯೂಟರ್ ಜೋಡಿಸುವ ಹುಡುಗ ಹುಡುಗಿಯರು ವೇಗವನ್ನಷ್ಟೇ ಅಲ್ಲ, ನೋಟವನ್ನೂ ಲೆಕ್ಕ ಹಾಕುತ್ತಾರೆ. ಆದರೆ ನೋಟಕ್ಕೆ ಬೆಲೆ ಜಾಸ್ತಿ. ಕೈಯಲ್ಲಿ ಕಾಸು ಕಡಿಮೆ ಇದ್ದವರು ಹಾರ್ಡ್‌ವೇರ್ ಅಂಗಡಿಯಿಂದ ಇನ್ನೂರು ಮುನ್ನೂರು ರೂಪಾಯಿಯ ಸ್ಪ್ರೇ ಪೇಂಟ್ ತಂದು ಹೀಟ್‌ಸಿಂಕಿಗೂ ಫ್ಯಾನಿಗೂ ತಾವೇ ಬಣ್ಣ ಹೊಡೆಯುತ್ತಾರೆ. ಇದನ್ನು ಹುಚ್ಚಾಟ ಎಂದು ಬೈಯುವವರ ಪಕ್ಷ ನನ್ನದಲ್ಲ. ಕಡಿಮೆ ಖರ್ಚಿನಲ್ಲಿ, ಸ್ವಂತ ಕೈಯಿಂದ ಅಂದಗೊಳಿಸುವ ಈ ಕೆಲಸ ಒಳ್ಳೆಯದೇ. ನನ್ನ ಷರತ್ತು ಒಂದೇ: ಬಣ್ಣ ನಿಂತ ಭಾಗಕ್ಕೆ ಇರಲಿ. ತಿರುಗುವ, ಹರಿಯುವ ಮತ್ತು ಪ್ರೊಸೆಸರಿಗೆ ಅಂಟಿ ಶಾಖ ದಾಟಿಸುವ ಭಾಗಗಳಿಗೆ ಬೇಡ.

ಶಾಖದಿಂದಲೇ ಶುರು ಮಾಡೋಣ, ಏಕೆಂದರೆ ಮೊದಲು ಬರುವ ಆಕ್ಷೇಪವೂ ಅಲ್ಲಿಯದೇ. ಬಣ್ಣ ಬಳಿದರೆ ಲೋಹಕ್ಕೆ ಕಂಬಳಿ ಹೊದಿಸಿದಂತೆ, ಪ್ರೊಸೆಸರ್ ಬೆಂದುಹೋಗುತ್ತದೆ ಎನ್ನುತ್ತಾರೆ. ಮಾತಿನಲ್ಲಿ ಅರ್ಧ ನಿಜವಿದೆ. ಒಣಗಿದ ಪೇಂಟಿನ ಪದರ ಶಾಖವನ್ನು ದಾಟಿಸುವುದರಲ್ಲಿ ಅಲ್ಯೂಮಿನಿಯಮ್ಮಿಗಿಂತ ಸುಮಾರು ಸಾವಿರ ಪಾಲು ಹಿಂದೆ. ಆದರೆ ಎಷ್ಟು ಶಾಖ ಎಷ್ಟು ಜಾಗದಲ್ಲಿ ಹಾಯುತ್ತದೆ ಎಂಬುದನ್ನೂ ನೋಡಬೇಕು. 100 ವಾಟ್ ಬಿಸಿ ಉಗುಳುವ ಪ್ರೊಸೆಸರ್ ಒಂದನ್ನು ತೆಗೆದುಕೊಳ್ಳಿ. ಅದರ ಮೇಲಿನ ಹೀಟ್‌ಸಿಂಕಿನಲ್ಲಿ 12 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಐವತ್ತು ತೆಳು ಹಾಳೆಗಳಿವೆ ಎಂದುಕೊಂಡರೆ, ಎರಡೂ ಬದಿ ಸೇರಿ 6,000 ಚದರ ಸೆಂಟಿಮೀಟರ್ ಮೈ ಸಿಗುತ್ತದೆ. ಆ ಮೈಗೆಲ್ಲ 0.05 ಮಿಲಿಮೀಟರ್ ದಪ್ಪ, ಅಂದರೆ ಕೂದಲೆಳೆಗಿಂತ ತೆಳುವಾದ ಬಣ್ಣ ಹೊಡೆದರೆ ಆ ಪದರದಿಂದ ಏರುವ ಬಿಸಿ ಒಂದು ಡಿಗ್ರಿಯ ಇಪ್ಪತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಅದೇ ಬಣ್ಣ, ಅದೇ ದಪ್ಪ, ಹೀಟ್‌ಸಿಂಕಿನ ತಳಕ್ಕೆ ಬಿತ್ತೆನ್ನಿ. ಅಲ್ಲಿ ಪ್ರೊಸೆಸರ್ ಜೊತೆ ಅಂಟಿಕೊಳ್ಳುವ ಜಾಗ ಮೂರು ಸೆಂಟಿಮೀಟರ್ ಚೌಕ, ಬರೀ 9 ಚದರ ಸೆಂಟಿಮೀಟರ್. ಪೂರ್ತಿ 100 ವಾಟ್ ಆ ಚೌಕದೊಳಗೇ ನುಗ್ಗಬೇಕು. ಆಗ ಏರುವುದು ಸುಮಾರು 28 ಡಿಗ್ರಿ! ಬಣ್ಣ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಇಲ್ಲಿಗೆ ಮುಗಿಯಬೇಕು. ತಳದ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ, ಅಂಚಿನಲ್ಲಿ ಉಗುರಿನಿಂದ ಗೀರಿ ಕೂರಿಸಿ, ಆಮೇಲೆ ಡಬ್ಬಿ ಅಲುಗಿಸಬೇಕು. ಆ ಎರಡು ನಿಮಿಷದ ಕೆಲಸ ಬಿಟ್ಟವರು ಬಣ್ಣವನ್ನು ದೂರಿ ಪ್ರಯೋಜನವಿಲ್ಲ.

ಕಪ್ಪು ಬಣ್ಣ ಬಿಸಿಯನ್ನು ಬೇಗ ಹೊರಹಾಕುತ್ತದೆ, ಆದ್ದರಿಂದ ಹೀಟ್‌ಸಿಂಕಿಗೆ ಕಪ್ಪೇ ಸರಿ ಎಂಬ ಇನ್ನೊಂದು ನಂಬಿಕೆಯೂ ಇದೆ. ಹೊಳಪಿನ ಅಲ್ಯೂಮಿನಿಯಮ್ಮಿಗಿಂತ ಬಣ್ಣ ಬಳಿದ ಮೈ ಶಾಖವನ್ನು ಹೆಚ್ಚು ಸೂಸುತ್ತದೆ ಎಂಬುದು ದಿಟ. ಆದರೆ ಈ ಮಟ್ಟದ ಬಿಸಿಯಲ್ಲಿ ಶಾಖ ಹೊರಡುವುದು ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳಾಗಿ, ಅಲ್ಲಿ ಬಿಳಿ ಪೇಂಟಿಗೂ ಕಪ್ಪು ಪೇಂಟಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೇಲಾಗಿ ಫ್ಯಾನ್ ತಿರುಗುತ್ತಿರುವಾಗ ಬಹುಪಾಲು ಶಾಖವನ್ನು ಹೊತ್ತೊಯ್ಯುವುದು ಗಾಳಿ. ಹಾಗಾಗಿ ಇಷ್ಟವಾದ ಬಣ್ಣ ಆರಿಸಿಕೊಳ್ಳಿ. ಎಚ್ಚರ ಬೇಕಾದದ್ದು ದಪ್ಪದ ವಿಷಯದಲ್ಲಿ. ಹಾಳೆಗಳ ನಡುವಿನ ಸಂದು ಎರಡು ಮಿಲಿಮೀಟರ್ ಆಸುಪಾಸಿನದು. ಒಂದೇ ಸಲ ಸುರಿದಂತೆ ಹೊಡೆದರೆ ಬಣ್ಣ ಇಳಿದು ಸಂದಿನಲ್ಲಿ ಹೆಪ್ಪುಗಟ್ಟುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ. ಇದು ಕಲಬುರಗಿ, ರಾಯಚೂರಿನ ಕಡೆಯವರಿಗೆ ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯ. ಕೋಣೆಯ ಗಾಳಿ ಹತ್ತು ಡಿಗ್ರಿ ಏರಿದರೆ ಪ್ರೊಸೆಸರಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಲವತ್ತು ದಾಟುವ ಬೇಸಿಗೆಯಲ್ಲಿ ಕೈಯಲ್ಲಿ ಉಳಿದಿರುವ ಅಂತರವೇ ಕಡಿಮೆ, ಅದನ್ನು ಬಣ್ಣದ ಗಡ್ಡೆಗೆ ಕೊಟ್ಟು ಕಳೆದುಕೊಳ್ಳಬಾರದು.

ಇನ್ನು ಫ್ಯಾನ್. ನನ್ನ ವಾದ ಗಟ್ಟಿಯಾಗಿ ನಿಲ್ಲುವುದು ಇಲ್ಲಿ. 120 ಮಿಲಿಮೀಟರಿನ ಫ್ಯಾನ್ ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸುತ್ತು. ಒಂದು ರೆಕ್ಕೆಯ ತುದಿಯ ಹತ್ತಿರ, ನಡುವಿನಿಂದ 5 ಸೆಂಟಿಮೀಟರ್ ದೂರದಲ್ಲಿ, ಬಣ್ಣದ ಒಂದು ಹನಿ 0.1 ಗ್ರಾಂ ಹೆಚ್ಚಾಗಿ ಕೂತಿತೆನ್ನಿ. ಆ ವೇಗದಲ್ಲಿ ಅದು ಸುಮಾರು 12 ಗ್ರಾಂ ತೂಕ ನೇತುಹಾಕಿದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ, ಎಳೆತದ ದಿಕ್ಕು ಸೆಕೆಂಡಿಗೆ 25 ಬಾರಿ ಸುತ್ತು ಹೊಡೆಯುತ್ತದೆ. ಬೇರಿಂಗ್ ಸವೆಯುವುದು, ಕ್ಯಾಬಿನೆಟ್ ಗುಂಯ್‌ಗುಡುವುದು ಇದರಿಂದ. ಕಂಪನಿಗಳು ಈ ವಿಷಯದಲ್ಲಿ ಎಷ್ಟು ನಾಜೂಕು ಎಂಬುದಕ್ಕೆ ಆಸ್ಟ್ರಿಯಾದ ನಾಕ್ಟುವಾ ಒಳ್ಳೆಯ ಸಾಕ್ಷಿ. ಕಂದು ಮತ್ತು ತಿಳಿಗಂದು ಬಣ್ಣದ ಫ್ಯಾನುಗಳಿಗೆ ಹೆಸರಾದ ಕಂಪನಿ ಅದು. ತಣ್ಣಗಿಡುವುದರಲ್ಲಿ ಅವನ್ನು ಹೊಗಳುವವರೇ ಆ ಬಣ್ಣಕ್ಕೆ ಮೂಗು ಮುರಿಯುತ್ತಾರೆ. 2018ರಲ್ಲಿ ಅದು ತಂದ ಎನ್ಎಫ್-ಎ12x25 ಫ್ಯಾನಿನಲ್ಲಿ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಇರುವ ಸಂದು ಅರ್ಧ ಮಿಲಿಮೀಟರ್. ಗಿರಾಕಿಗಳು ಕೇಳುತ್ತಲೇ ಇದ್ದರೂ ಅದೇ ಫ್ಯಾನ್ ಕಪ್ಪು ಬಣ್ಣದಲ್ಲಿ ಬಂದದ್ದು 2021ರಲ್ಲಿ. ಬಣ್ಣದ ಪುಡಿ ಬೆರೆತರೆ ಪ್ಲಾಸ್ಟಿಕ್ಕಿನ ಗುಣವೇ ಬದಲಾಗುತ್ತದೆ, ಅಷ್ಟು ಸಣ್ಣ ಸಂದು ಉಳಿಯಬೇಕಾದರೆ ಎಲ್ಲವನ್ನೂ ಮತ್ತೆ ಹೊಂದಿಸಿಕೊಳ್ಳಬೇಕು. ಕಾರ್ಖಾನೆಗೇ ಅಷ್ಟು ಕಾಲ ಹಿಡಿದ ಕೆಲಸವನ್ನು ಮಹಡಿಯ ಮೇಲೆ ಹಳೇ ಪತ್ರಿಕೆ ಹಾಸಿ ಅರ್ಧ ಗಂಟೆಯಲ್ಲಿ ಮುಗಿಸಲಾಗುವುದಿಲ್ಲ. ಅದೇ ಕಂಪನಿ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳನ್ನು ಕೊಟ್ಟಿರುವುದು ಎಲ್ಲಿ ಎಂದು ಗಮನಿಸಿ: ಫ್ಯಾನಿನ ನಾಲ್ಕು ಮೂಲೆಗೆ ಸಿಕ್ಕಿಸುವ ರಬ್ಬರ್ ತುಂಡುಗಳಲ್ಲಿ. ಹೀಟ್‌ಸಿಂಕಿನ ಅಂದಕ್ಕೂ ನೆತ್ತಿಯ ಮೇಲೆ ಕೂರುವ ಬೇರೆಯದೇ ಮುಚ್ಚಳ ಮಾರುತ್ತದೆ. ಎಲ್ಲವೂ ನಿಂತ ಭಾಗಗಳೇ.

ನೀರು ಹರಿಸಿ ತಂಪು ಮಾಡುವ ವ್ಯವಸ್ಥೆಗೂ ಇದೇ ಮಾತು ಸಲ್ಲುತ್ತದೆ. ಹಾಲಿನಂತೆ ಮಂದವಾದ ಬಣ್ಣದ ದ್ರವಗಳು ನೋಡಲು ಬಲು ಸೊಗಸು, ಆದರೆ ಅವುಗಳಲ್ಲಿರುವ ಕಣಗಳು ಕಾಲಕ್ರಮೇಣ ಕೆಳಗೆ ಕೂತು ನೀರು ಹರಿಯುವ ಸೂಕ್ಷ್ಮ ಕಾಲುವೆಗಳನ್ನು ಮುಚ್ಚಿಹಾಕುತ್ತವೆ. ಬಣ್ಣದ ಕೊಳವೆಯಲ್ಲಿ ಬಣ್ಣವಿಲ್ಲದ ದ್ರವ ಹರಿಸಿದರೆ ಕಣ್ಣಿಗೆ ಅದೇ ಸೊಗಸು, ಜೇಬಿಗೂ ಹಗುರ.

ಇಷ್ಟೆಲ್ಲ ತಾಪತ್ರಯ ಯಾಕೆ, ಬಣ್ಣದ ದೀಪದ ಅಗ್ಗದ ಫ್ಯಾನುಗಳೇ ಸಿಗುತ್ತವಲ್ಲ ಎಂದು ಕೇಳಬಹುದು. ಸಿಗುತ್ತವೆ. ಆದರೆ ಅಂಥ ಅಗ್ಗದ ಫ್ಯಾನುಗಳಲ್ಲಿ ಹಲವು ನೇರವಾಗಿ ಪವರ್ ಸಪ್ಲೈನ ಮೋಲೆಕ್ಸ್ ತಂತಿಗೆ ಸೇರುತ್ತವೆ, ಮದರ್‌ಬೋರ್ಡಿಗೆ ಅವುಗಳ ವೇಗದ ಮೇಲೆ ಹಿಡಿತವಿರುವುದಿಲ್ಲ. ಕಂಪ್ಯೂಟರ್ ಸುಮ್ಮನೆ ಕೂತಾಗಲೂ ಅವು ಪೂರ್ತಿ ಜೋರಿನಲ್ಲಿ ಒದರುತ್ತಲೇ ಇರುತ್ತವೆ. ದೀಪದ ತಂತಿಯಲ್ಲೂ ಗೊಂದಲವಿದೆ. ನಾಲ್ಕು ಪಿನ್ನಿನ ಹಳೆಯ ಬಗೆಯದು 12 ವೋಲ್ಟ್, ಒಂದೊಂದು ದೀಪಕ್ಕೂ ಬೇರೆ ಬಣ್ಣ ಕೊಡುವ ಮೂರು ಪಿನ್ನಿನದು 5 ವೋಲ್ಟ್. 5 ವೋಲ್ಟಿನ ದೀಪವನ್ನು ಒತ್ತಾಯದಿಂದ 12 ವೋಲ್ಟಿಗೆ ಸಿಕ್ಕಿಸಿದರೆ ಅದು ಸುಟ್ಟೇ ಹೋಗಬಹುದು. ಕಾಸು ಕಡಿಮೆ ಇದ್ದಾಗ ಅದನ್ನು ಫ್ಯಾನಿನ ಗುಣಕ್ಕೇ ಹಾಕಬೇಕು: ಒಳ್ಳೆಯ ಬೇರಿಂಗಿನ, ವೇಗ ಏರಿಳಿಸಬಲ್ಲ ನಾಲ್ಕು ಪಿನ್ನಿನ ಸಾದಾ ಕಪ್ಪು ಫ್ಯಾನ್ ಕೊಳ್ಳಬೇಕು. ಅಂದ ಆಮೇಲೆ ಸೇರಿಸಿಕೊಳ್ಳಬಹುದು. ಅದಕ್ಕೆ ನಮ್ಮ ಊರುಗಳಲ್ಲೇ ಒಂದು ಅನುಕೂಲವಿದೆ. ಬೈಕಿಗೆ ಅಕ್ಷರ ಕತ್ತರಿಸಿ ಅಂಟಿಸುವ ರೇಡಿಯಂ ಸ್ಟಿಕರ್ ಅಂಗಡಿ ಇಲ್ಲದ ತಾಲ್ಲೂಕು ಕೇಂದ್ರ ಉಂಟೇ? ಫ್ಯಾನ್ ಚೌಕಟ್ಟಿನ ಹೊರಮೈ, ಹೀಟ್‌ಸಿಂಕ್ ನೆತ್ತಿಯ ಪ್ಲಾಸ್ಟಿಕ್ ಮುಚ್ಚಳ, ರೇಡಿಯೇಟರಿನ ಪಕ್ಕದ ಪಟ್ಟಿ ಇವುಗಳ ಅಳತೆ ಕೊಟ್ಟರೆ ಬೇಕಾದ ಬಣ್ಣದ ವಿನೈಲ್ ಅಲ್ಲೇ ಕತ್ತರಿಸಿ ಕೊಡುತ್ತಾರೆ. ಬೇಸರವಾದ ದಿನ ಕಿತ್ತು ಹಾಕಬಹುದು, ರೆಕ್ಕೆಯ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಪೇಂಟೇ ಬೇಕೆನ್ನುವವರು ಜಿಡ್ಡು ಒರೆಸಿ, ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಲೋಹಕ್ಕೆ ಹಿಡಿಯುವ ಪ್ರೈಮರ್ ಹೊಡೆದು, ಆಮೇಲೆ ಬಣ್ಣವನ್ನು ಎರಡು ಮೂರು ತೆಳು ಕೋಟ್ ಕೊಡಬೇಕು. ಮೂಗಿಗೆ ಮಾಸ್ಕ್ ಹಾಕಿ ಬಯಲಲ್ಲಿ ಮಾಡಬೇಕು, ಬಚ್ಚಲುಮನೆಯಲ್ಲಿ ಅಲ್ಲ.

ವಾರಂಟಿಯ ಮಾತು ತಳ್ಳಿಹಾಕುವಂಥದ್ದಲ್ಲ. ಬಣ್ಣ ಬಳಿದ ಕೂಲರನ್ನು ಕಂಪನಿ ವಾಪಸು ತೆಗೆದುಕೊಳ್ಳುವ ಭರವಸೆ ಇಟ್ಟುಕೊಳ್ಳಬಾರದು. ಹೊಸದಕ್ಕೆ ವಿನೈಲ್, ವಾರಂಟಿ ಮುಗಿದದ್ದಕ್ಕೆ ಪೇಂಟ್ ಎಂದುಕೊಂಡರೆ ನಷ್ಟವಿಲ್ಲ.

ಕೊನೆಗೆ ಉಳಿಯುವುದು ‘ಇದೆಲ್ಲ ಶೋಕಿ’ ಎನ್ನುವ ಹಿರಿಯರ ಆಕ್ಷೇಪ. ಲಾರಿಯ ಹಿಂಬದಿಗೆ ಹೂಬಳ್ಳಿ, ಹದ್ದು, ಅಮ್ಮನ ಆಶೀರ್ವಾದ ಬರೆಸುವ ಮಾಲೀಕನನ್ನು ನಾವು ಶೋಕಿಗಾರ ಎನ್ನುವುದಿಲ್ಲ. ದಿನವಿಡೀ ಜೊತೆಗಿದ್ದು ಅನ್ನ ಕೊಡುವ ವಸ್ತು ತನ್ನದು ಎಂದು ಅವನಿಗೆ ಅನ್ನಿಸಬೇಕು, ಅಷ್ಟೇ. ಎಂಜಿನ್ನಿನ ಒಳಕ್ಕೆ ಅವನು ಬಣ್ಣ ಹಚ್ಚುವುದಿಲ್ಲ. ಮನೆಯ ಮೂಲೆಯಲ್ಲಿ ಕೂತು ಓದುವ, ವಿಡಿಯೋ ಎಡಿಟ್ ಮಾಡುವ, ಕೋಡ್ ಬರೆಯುವ ಮಕ್ಕಳಿಗೂ ಅದೇ ಹಕ್ಕಿದೆ. ಜೊತೆಗೆ, ತಳಕ್ಕೆ ಟೇಪ್ ಯಾಕೆ, ರೆಕ್ಕೆಗೆ ಬಣ್ಣ ಯಾಕೆ ಬೇಡ ಎಂದು ಕೇಳಿಕೊಳ್ಳುವ ಹುಡುಗಿ ಶಾಖದ ಹರಿವನ್ನೂ ತಿರುಗುವ ವಸ್ತುವಿನ ತೂಕದ ಲೆಕ್ಕವನ್ನೂ ಪಠ್ಯಪುಸ್ತಕದ ಹೊರಗೆ, ಕೈಯಲ್ಲಿ ಹಿಡಿದು ಕಲಿಯುತ್ತಾಳೆ. ಕೂಲರ್ ತಯಾರಿಸುವವರು ಈ ಆಸೆಯನ್ನು ದುಬಾರಿ ಮಾದರಿಗಳಿಗಷ್ಟೇ ಮೀಸಲಿಡದೆ, ಸಾವಿರ ರೂಪಾಯಿಯ ಕೂಲರಿಗೂ ಬಿಚ್ಚಿ ಬದಲಿಸಬಹುದಾದ ಮುಚ್ಚಳ ಕೊಡಲಿ. ಯಾವ ಭಾಗಕ್ಕೆ ಬಣ್ಣ ಹಚ್ಚಬಹುದು, ಯಾವುದಕ್ಕೆ ಕೂಡದು ಎಂದು ಡಬ್ಬದ ಮೇಲೆ ಒಂದು ಚಿತ್ರ ಅಚ್ಚು ಹಾಕಲಿ. ಅದಕ್ಕೆ ತಗಲುವ ಖರ್ಚು ಹೆಚ್ಚೇನಿಲ್ಲ.