ಜಪಾನಿಗಳು ಹುಟ್ಟಾ ಶುಚಿಯಂತೆ!

ಟೋಕಿಯೊದಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಕಳಿಸುವ ವಿಡಿಯೊಗಳಿಗೆ ಈ ವಾರವೂ ಬರವಿರಲಿಲ್ಲ. ಕಾಗದದ ಚೂರೂ ಕಾಣದ ಬೀದಿ, ಕಸದ ಡಬ್ಬಿಯೇ ಇಲ್ಲದ ರಸ್ತೆ, ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೊಯ್ಯುವ ಜನ. ಅಲ್ಲಿಗೆ ನಿಲ್ಲಿಸಿದರೆ ತಕರಾರಿಲ್ಲ. ಆದರೆ ಕೊನೆಗೊಂದು ಷರಾ ಇದ್ದೇ ಇರುತ್ತದೆ: ಶಿಸ್ತು ಅವರ ರಕ್ತದಲ್ಲೇ ಇದೆ, ನಮ್ಮವರಿಗೆ ಅದು ಬರುವಂಥದ್ದಲ್ಲ. ಆತ್ಮವಿಮರ್ಶೆಯ ಹಾಗೆ ಕೇಳಿಸುವ ಈ ಮಾತು ಅಸಲಿಗೆ ಕೈತೊಳೆದುಕೊಳ್ಳುವ ಉಪಾಯ. ರಕ್ತದಲ್ಲೇ ಇಲ್ಲದ್ದಕ್ಕೆ ಪಾಲಿಕೆಯನ್ನು ಯಾಕೆ ಕೇಳಬೇಕು, ಪಕ್ಕದ ಮನೆಯವರನ್ನು ಯಾಕೆ ಕೇಳಬೇಕು?

ಇದೇ ಟೋಕಿಯೊದ ಕೊತೊ ವಾರ್ಡಿನ ಜನ 1965ರ ಬೇಸಿಗೆಯನ್ನು ನೊಣಗಳ ದಂಡಿನ ನಡುವೆ ಕಳೆದರು. ಕಡಲು ತುಂಬಿಸಿ ಮಾಡಿದ ಯುಮೆನೊಶಿಮಾದಲ್ಲಿ ಊರಿನ ಕಸದ ಬಹುಪಾಲು ಹಸಿಹಸಿಯಾಗಿ ಬಂದು ಬೀಳುತ್ತಿತ್ತು. ನೊಣ ಕೊಲ್ಲಲು ಕೊನೆಗೆ ರಾಶಿಗೇ ಬೆಂಕಿ ಇಡಬೇಕಾಯಿತು. 1971ರಲ್ಲಿ ಟೋಕಿಯೊ ಗವರ್ನರ್ ರ್‍ಯೊಕಿಚಿ ಮಿನೊಬೆ ‘ಕಸದ ಯುದ್ಧ’ವನ್ನೇ ಸಾರಿದರು. ಆ ಹೊತ್ತಿಗೆ ಅನುಕೂಲಸ್ಥರ ಸುಗಿನಾಮಿ ವಾರ್ಡಿನವರು ತಮ್ಮ ಓಣಿಗಳ ಹತ್ತಿರ ಕಸ ಸುಡುವ ಘಟಕ ಕೂಡದೆಂದು ಪಟ್ಟು ಹಿಡಿದು ಕೂತಿದ್ದರು. ಅವರ ಕಸ ಮಾತ್ರ ಕೊತೊಗೆ ಹೋಗಬೇಕು! 1973ರಲ್ಲಿ ಕೊತೊದವರು ಸುಗಿನಾಮಿಯ ಲಾರಿಗಳನ್ನು ದಾರಿಯಲ್ಲೇ ತಡೆದರು. ಮುಂದೆ ನಿಂತವರಲ್ಲಿ ವಾರ್ಡಿನ ಚುನಾಯಿತ ಸದಸ್ಯರೂ ಇದ್ದರು. ಮರುವರ್ಷ ರಾಜಿಯಾಯಿತು, ಮುಂದೆ ಸುಗಿನಾಮಿಯ ತಕಾಯಿದೊದಲ್ಲಿ ಘಟಕ ಎದ್ದಿತು. ಅವರವರ ವಾರ್ಡಿನ ಕಸ ಅವರವರಲ್ಲೇ ಎಂಬ ನೀತಿ ಈ ಜಗಳದಲ್ಲಿ ಗಟ್ಟಿಯಾಯಿತು. ಇವತ್ತು ಇಕೆಬುಕುರೊದಂಥ ಪೇಟೆಯ ನಡುವೆ ಕಸ ಸುಡುವ ಘಟಕದ 210 ಮೀಟರ್ ಎತ್ತರದ ಚಿಮಣಿ ನಿಂತಿದೆ. ಶಿಬುಯಾ ನಿಲ್ದಾಣದ ಹತ್ತಿರವೂ ಒಂದು ಘಟಕವಿದೆ. ವಿಡಿಯೊದಲ್ಲಿ ಅದು ಬರುವುದಿಲ್ಲ.

ಅಲ್ಲಿ ಶಾಲೆಯ ಮಕ್ಕಳೇ ತರಗತಿ ಗುಡಿಸುತ್ತಾರಲ್ಲ, ಅದು ಸಂಸ್ಕಾರವಲ್ಲವೇ ಎನ್ನಬಹುದು. ಸಂಸ್ಕಾರವೇ. ಆದರೆ ನೊಣ ಮುತ್ತಿದ ಕಾಲದಲ್ಲೂ ಆ ಮಕ್ಕಳು ಗುಡಿಸುತ್ತಲೇ ಇದ್ದರು. (ನಮ್ಮಲ್ಲಿ ಪೊರಕೆ ಯಾರ ಕೈಯಲ್ಲಿರಬೇಕೆಂದು ಜಾತಿ ಮೊದಲೇ ತೀರ್ಮಾನಿಸಿಟ್ಟಿದೆ, ಸಂಸ್ಕೃತಿಯನ್ನು ದೂರುವುದಿದ್ದರೆ ಅಲ್ಲಿಂದ ಶುರು ಮಾಡಲಿ.) ಅಲ್ಲಿನ ಓಣಿಯ ಕಟ್ಟುನಿಟ್ಟು ನೋಡಿ. ಇಂಥ ಕಸಕ್ಕೆ ಇಂಥ ವಾರ, ಬೆಳಿಗ್ಗೆ ಎಂಟರೊಳಗೆ ಇಡಬೇಕು. ಬಾಟಲಿಯ ಮುಚ್ಚಳ, ಲೇಬಲ್ ಕಿತ್ತು, ತೊಳೆದಿಡಬೇಕು. ಚೀಲ ಒಳಗಿದ್ದದ್ದು ಕಾಣುವಂತಿರಬೇಕು. ತಪ್ಪಿದರೆ ಅದಕ್ಕೊಂದು ಚೀಟಿ ಅಂಟಿಸಿ, ಓಣಿಯವರೆಲ್ಲ ನೋಡುವಂತೆ ಅಲ್ಲೇ ಬಿಟ್ಟು ಹೋಗುತ್ತಾರೆ. ಕೆಂಗೇರಿಯಿಂದಲೋ ದಾವಣಗೆರೆಯಿಂದಲೋ ಹೋದ ಹುಡುಗರು ಇದನ್ನೆಲ್ಲ ಬೇಗನೇ ಕಲಿಯುತ್ತಾರೆ. ಅವರೇನೂ ವಿಮಾನ ನಿಲ್ದಾಣದಲ್ಲಿ ರಕ್ತ ಬದಲಾಯಿಸಿಕೊಂಡು ಹೋದವರಲ್ಲ.

ನಮ್ಮಲ್ಲಿ ನಿಯಮವಿಲ್ಲವೆಂದಲ್ಲ. ಮನೆಯಲ್ಲಿ ಎರಡು ಬುಟ್ಟಿ, ಒಂದು ಚೀಲ ಇಡಬೇಕೆಂದು ಹೈಕೋರ್ಟ್ ಹೇಳಿದ್ದೇ 2015ರಲ್ಲಿ. ಜಗಳವೂ ಆಗಿದೆ: ಬೆಂಗಳೂರಿನಾಚೆಯ ಹಳ್ಳಿ ಮಂಡೂರಿನವರು ಕೊತೊದವರಿಗಿಂತ ಕಡಿಮೆ ಹೋರಾಡಲಿಲ್ಲ. ಬೆಂಗಳೂರಿನ ಕಸ ಬೇಡವೆಂದು ಬೀದಿಗಿಳಿದರು, 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿಯೂ ಬಿಟ್ಟರು. ನಗರ ಆಗ ಮಾಡಿದ್ದೇನು? ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಕಲ್ಲು ಕ್ವಾರಿಗಳನ್ನು ಹುಡುಕಿಕೊಂಡಿತು. ಕೊತೊ, ಸುಗಿನಾಮಿ ಎರಡೂ ಒಂದೇ ಊರಿನ ವಾರ್ಡುಗಳು. ಗವರ್ನರ್‌ಗೆ ಎರಡೂ ಕಡೆಯ ಮತ ಬೇಕಿತ್ತು. ಮಂಡೂರಿನವರಿಗೆ ಬೆಂಗಳೂರು ಪಾಲಿಕೆಯಲ್ಲಿ ಮತವೇ ಇರಲಿಲ್ಲ. ನಮ್ಮ ಕಸ ಹಸಿ, ಸುಟ್ಟರೆ ಉರಿಯದು ಎಂದು ಎಂಜಿನಿಯರುಗಳು ಹೇಳುತ್ತಾರೆ, ಸರಿಯೇ. ಹಾಗಿದ್ದರೆ ಗೊಬ್ಬರ ಮಾಡಲಿ. ಆದರೆ ಎಲ್ಲಿ? ಎಚ್‌ಎಸ್‌ಆರ್ ಲೇಔಟ್ ಪಕ್ಕದ ಗೊಬ್ಬರ ಘಟಕದ ವಾಸನೆಗೆ ಬಡಾವಣೆಯವರು ರೊಚ್ಚಿಗೆದ್ದರು. ವಾಸನೆಯ ದೂರು ಸುಳ್ಳಲ್ಲ. ಮಂಡೂರಿನವರ ಮೂಗೂ ಮೂಗೇ. ಸದಾಶಿವನಗರದ ಕಸಕ್ಕೆ ಸದಾಶಿವನಗರದಲ್ಲೇ ಜಾಗ ಎಂದು ಪ್ರಣಾಳಿಕೆಯಲ್ಲಿ ಬರೆಯುವ ಧೈರ್ಯ ಇವತ್ತಿನವರೆಗೆ ಯಾವ ಪಕ್ಷಕ್ಕೂ ಬಂದಿಲ್ಲ.